ಫಲಕದ ಮೇಲಿನ ಬಂದೂಕು

ಕೋಳಿ ಊಟಕ್ಕೂ ಬಂದೂಕಿಗೂ ಏನು ಸಂಬಂಧ? ಏನೂ ಇಲ್ಲವೆಂದೇ ತಾವು ಹೇಳುವಿರಿ. ಆದರೂ ತಲೆಗೆ ಹೆಲ್ಮೆಟ್ ಧರಿಸಿ, ಬೆನ್ನಿಗೆ ಚೀಲ ಬಿಗಿದು, ಕೈಯಲ್ಲಿ ಬಂದೂಕು ಹಿಡಿದ ಪಬ್‌ಜಿ ಆಟದ ಯೋಧನು ಖಾನಾವಳಿಯ ಫ್ಲೆಕ್ಸಿನಲ್ಲಿಯೋ ಬಟ್ಟೆ ಅಂಗಡಿಯ ಕರಪತ್ರದಲ್ಲಿಯೋ ನಿಂತಿದ್ದರೆ ಇಂದು ಬೆರಗಾಗುವವರಿಲ್ಲ. ನನ್ನ ತಕರಾರು ಆ ಬೆರಗು ಹೋದುದರ ಬಗ್ಗೆಯೇ.

ದಕ್ಷಿಣ ಕೊರಿಯದಿಂದ 2017ರಲ್ಲಿ ಹೊರಬಂದ ಆಟವದು. ನೂರು ಮಂದಿ ವಿಮಾನದಿಂದ ದ್ವೀಪವೊಂದಕ್ಕೆ ಇಳಿದು, ಆಯುಧ ಹುಡುಕಿ, ಒಬ್ಬರನ್ನೊಬ್ಬರು ಕೊಲ್ಲಬೇಕು. ಕೊನೆಗೆ ಉಳಿದವನಿಗೆ ಪರದೆಯ ಮೇಲೆ ಕೋಳಿ ಊಟದ ಅಭಿನಂದನೆ. ಹೋಟೆಲಿನವರಿಗೆ ಈ ಒಂದು ಮಾತೇ ಸಾಕಾಯಿತು. ತೊಂಬತ್ತೊಂಬತ್ತು ಮಂದಿ ಸತ್ತ ಮೇಲೆ ಬಡಿಸುವ ಊಟವದು ಎಂಬುದನ್ನು ಮಾತ್ರ ಫಲಕ ಹೇಳುವುದಿಲ್ಲ.

“ಬರೀ ಚಿತ್ರ ತಾನೇ, ಫಾದರ್?” ಎನ್ನುವವರಿದ್ದಾರೆ. ಬರೀ ಚಿತ್ರವಾಗಿದ್ದರೆ ಅದನ್ನೇ ಏಕೆ ಆರಿಸಿದಿರಿ? ಮಗುವಿನ ಕಣ್ಣು ಅಲ್ಲಿ ನಿಲ್ಲುವುದೆಂದು, ಅದು ತಂದೆಯ ಕೈಹಿಡಿದು ಎಳೆಯುವುದೆಂದು ವ್ಯಾಪಾರಿ ಚೆನ್ನಾಗಿ ಬಲ್ಲ. ಮನೆಯಲ್ಲಿ ತಾಯಿ ಹಟಮಾಡಿ ಮೊಬೈಲು ಕಸಿದಿಟ್ಟ ಆಟವನ್ನು ಬಸ್ ನಿಲ್ದಾಣದ ಎದುರಿನ ಫಲಕ ಹತ್ತು ಅಡಿ ಎತ್ತರದಲ್ಲಿ ತೋರಿಸುತ್ತದೆ. ಆ ತಾಯಿಯ ಮಾತಿಗೆ ಇನ್ನು ಬೆಲೆಯೇನು?

ಸರ್ಕಾರ ನೋಡಿಕೊಳ್ಳುತ್ತದೆಂದು ಸುಮ್ಮನಿರುವಂತಿಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರವು ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿತು. ಕಾರಣ ದೇಶದ ಭದ್ರತೆಯೇ ಹೊರತು ಮಕ್ಕಳ ಮನಸ್ಸಲ್ಲ. ಮರುವರ್ಷವೇ ಅದು ಹೊಸ ಹೆಸರಿನಲ್ಲಿ ಮರಳಿತು. 2025ರ ಆನ್‌ಲೈನ್ ಆಟಗಳ ಕಾಯ್ದೆಯು ಹಣವಿಟ್ಟು ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ತಡೆಯುತ್ತದೆ. ಆಟವೊಂದರ ಬಂದೂಕುಧಾರಿ ಚಪ್ಪಲಿ ಮಾರಲು ನಿಂತರೆ ಅದಕ್ಕೆ ಆ ಕಾಯ್ದೆಯಲ್ಲಿ ಉತ್ತರವಿಲ್ಲ.

ಇನ್ನು ಹಕ್ಕಿನ ಮಾತು. ಸೋನಿ ಕಂಪನಿಯ ಆಟವೊಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರಧಾನಾಲಯದ ಒಳಾಂಗಣವನ್ನು ಗುಂಡಿನ ಕಾಳಗದ ರಂಗವಾಗಿಸಿತು. ತಮ್ಮನ್ನು ಕೇಳಲಿಲ್ಲವೆಂದು ಆಂಗ್ಲಿಕನ್ ಸಭೆ 2007ರಲ್ಲಿ ಪ್ರತಿಭಟಿಸಿತು. ಕಂಪನಿ ಕ್ಷಮೆ ಕೋರಿತು. ನ್ಯಾಯವೇ. ಆದರೆ ಆಟದ ಚಿತ್ರವನ್ನು ನಾವು ಕೇಳದೆ ಎತ್ತಿಕೊಂಡರೆ ಅದು ಜಾಣತನವಾಗುವುದು ಹೇಗೆ? 1957ರ ಹಕ್ಕುಸ್ವಾಮ್ಯ ಕಾಯ್ದೆ ನಮ್ಮೂರಿನ ಫ್ಲೆಕ್ಸ್ ಮುದ್ರಕನಿಗೂ ಅನ್ವಯಿಸುತ್ತದೆ. ಯುವಜನರನ್ನು ಸೆಳೆಯಲೆಂದು ಶಿಬಿರದ ಭಿತ್ತಿಪತ್ರಕ್ಕೆ ಇಂಥದೇ ಚಿತ್ರ ಅಂಟಿಸಲು ಹೊರಡುವ ನಮ್ಮ ಧರ್ಮಕೇಂದ್ರಗಳಿಗೂ ಈ ಮಾತು ಸಲ್ಲುತ್ತದೆ.

ಬಬಲೇಶ್ವರ, ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರನನ್ನು ನೋಡಿರಿ. ಮಳೆ ಕೈಕೊಡುವ ಈ ನೆಲದಲ್ಲಿ ಬಳ್ಳಿ ಸಾಕಿ, ಗೊನೆ ಕೊಯ್ದು, ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಬಲೆಯ ಮೇಲೆ ದಿನಗಟ್ಟಲೆ ಒಣಗಿಸುತ್ತಾನೆ. ತನ್ನ ಒಣದ್ರಾಕ್ಷಿಯ ಬಗ್ಗೆ ಹೇಳಲು ಅವನಿಗೆ ಬೇಕಾದಷ್ಟಿದೆ: ಬಣ್ಣ, ಗಾತ್ರ, ಸಿಹಿ, ಯಾವ ತೋಟದ್ದು ಎಂಬುದು. ಅವನ ಪೆಟ್ಟಿಗೆಗೂ ಬಂದೂಕಿನ ಚಿತ್ರ ಬೇಕೇ? ಸರಕಿನ ಬಗ್ಗೆ ಹೇಳಲು ಏನೂ ಇಲ್ಲದವನಿಗೆ ಮಾತ್ರ ಪರರ ಚಿತ್ರ ಬೇಕಾಗುತ್ತದೆ.

ಶಾಲೆ, ಟ್ಯೂಷನ್ ಕೇಂದ್ರಗಳ ಪ್ರವೇಶದ ಫಲಕಗಳು ಜೂನ್ ತಿಂಗಳಿಗೆ ಮುಂಚೆಯೇ ಅಚ್ಚಾಗುತ್ತವೆ. ತಮ್ಮ ಪರಿಚಯದ ಮುಖ್ಯೋಪಾಧ್ಯಾಯರಿಗೆ, ಅಂಗಡಿಯವರಿಗೆ, ಮುದ್ರಕರಿಗೆ ಒಂದು ಮಾತು ಹೇಳಿರಿ. ಅಚ್ಚಾದ ಮೇಲೆ ಹೇಳಿದರೆ, ಖರ್ಚಾಗಿಹೋಯಿತು ಎನ್ನುತ್ತಾರೆ.