ಬಣ್ಣ ನೋಡಿ ಕೋಳಿ ಇಳಿಸಬೇಡಿ

ಮಕ್ಕಳೇ, ಶಾಖದ ಪಾಠ ಬಂದಾಗ ನಾನು ಪ್ರತಿ ವರ್ಷ ಒಂದು ಪ್ರಯೋಗ ಮಾಡಿ ತೋರಿಸುತ್ತೇನೆ. ಲೋಹದ ಸರಳಿಗೆ ಮೇಣದಿಂದ ಗುಂಡುಪಿನ್ನುಗಳನ್ನು ಸಾಲಾಗಿ ಅಂಟಿಸಿ, ಒಂದು ತುದಿಯನ್ನು ದೀಪದ ಉರಿಗೆ ಹಿಡಿಯುವುದು. ಪಿನ್ನುಗಳು ಒಂದರ ಹಿಂದೆ ಒಂದು ಉದುರುತ್ತವೆ. ನೀವೂ ನೋಡಿರುತ್ತೀರಿ. ಶಾಖಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋಕೆ ಸಮಯ ಬೇಕು ಅನ್ನೋದು ಅದರ ಸಾರ. ಹದಿನಾಲ್ಕು ವರ್ಷ ಈ ಪಾಠ ಮಾಡಿದ ನಾನು, ಅದೇ ಪಾಠವನ್ನು ಒಂದು ದೀಪಾವಳಿಯ ದಿನ ಊಟದ ಎಲೆಯ ಮುಂದೆ ಮರೆತು ಕೂತಿದ್ದೆ. ಅದಕ್ಕೇ ಈ ಬರಹ.

ಮಾಂಸ ತಿನ್ನದ ಮನೆಯ ಮಕ್ಕಳು ಪುಟ ತಿರುಗಿಸಬೇಡಿ. ಇದು ಶಾಖದ ವಿಷಯವೂ ಹೌದು.

ನಮ್ಮೂರು ಕಂಬಂ. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಕೇರಳದ ಬೆಟ್ಟಗಳ ಬುಡದಲ್ಲಿದೆ. ಮುಲ್ಲೈಪೆರಿಯಾರ್ ನೀರು, ಭತ್ತದ ಗದ್ದೆ, ದ್ರಾಕ್ಷಿ ಚಪ್ಪರ. ತಲೆಮಾರುಗಳಿಂದ ಕನ್ನಡ ಆಡುವ ಒಕ್ಕಲಿಗ ಮನೆಗಳು ಅಲ್ಲಿವೆ, ಸುತ್ತಲಿನವರು ನಮ್ಮನ್ನು ಕಪ್ಪಿಲಿಯರ್ ಅಂತಾರೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲೂ ತಮಿಳು. ನಾನು ಕನ್ನಡದ ಅಕ್ಷರ ಕಲಿತದ್ದೇ ಮೀಸೆ ಬಂದಮೇಲೆ. ಇರಲಿ, ಅದು ಬೇರೆ ಕಥೆ.

ಆ ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ಹೊಸದಾಗಿ ಓಟಿಜಿ ಓವನ್ ತಂದಿದ್ದರು. ಫೋನಿನಲ್ಲಿ ಯಾರೋ ಇಡೀ ಕೋಳಿ ಸುಡುವುದನ್ನು ನೋಡಿ, ಇವತ್ತು ಸಾರು ಬೇಡ, ಇದೇ ಆಗಲಿ ಅಂದರು. ಫ್ರೀಜರ್‌ನಲ್ಲಿದ್ದ ಒಂದೂವರೆ ಕೆ.ಜಿ. ಬಾಯ್ಲರ್ ಕೋಳಿಯನ್ನು ಬೆಳಿಗ್ಗೆ ಹೊರಗಿಟ್ಟು, ಮೊಸರು, ಖಾರದಪುಡಿ, ಅರಿಸಿನ, ಶುಂಠಿ ಬೆಳ್ಳುಳ್ಳಿ ಹಚ್ಚಿ ಒಳಗಿಟ್ಟರು. ಮುಕ್ಕಾಲು ಗಂಟೆಗೆ ಮನೆಯೆಲ್ಲ ಘಮ ಘಮ. ಚರ್ಮ ಹೊಂಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಕಪ್ಪಿಟ್ಟಿತ್ತು. ಭಾವ ತೊಡೆ ಮುರಿದಾಗ ಸಂದಿನ ಹತ್ತಿರ ಮಾಂಸ ಇನ್ನೂ ಜಾರುಜಾರಾಗಿ, ಗುಲಾಬಿಯಾಗಿ ಕಂಡಿತು.

"ಭಾವ, ಇನ್ನೊಂದು ಸ್ವಲ್ಪ ಹೊತ್ತು ಇಡೋಣವಾ?" ಅಂದೆ.

"ಮೇಷ್ಟ್ರೇ, ಇದು ನಿಮ್ಮ ಲ್ಯಾಬ್ ಅಲ್ಲ. ಬಣ್ಣ ನೋಡಿ, ಆಗಿದೆ," ಅಂದರು. ಹಬ್ಬದ ದಿನ, ಮನೆಯ ಹಿರಿಯರು. ನಾನು ಸುಮ್ಮನಾದೆ.

ಎರಡು ಕಾಲು ಎರಡು ಮಕ್ಕಳಿಗೆ ಹೋದವು. ಒಂದು ಅಕ್ಕನ ಮಗಳಿಗೆ, ಆಗ ಅವಳಿಗೆ ಆರು ವರ್ಷ. ಇನ್ನೊಂದು ಭಾವನ ತಮ್ಮನ ಮಗನಿಗೆ. ಎದೆಯ ತುಂಡು ತಿಂದ ದೊಡ್ಡವರಿಗೆ ಏನೂ ಆಗಲಿಲ್ಲ. ಮಾರನೇ ದಿನ ಸಂಜೆಗೆ ಆ ಇಬ್ಬರಿಗೂ ಜ್ವರ, ವಾಂತಿ, ಭೇದಿ. ಹುಡುಗಿಗೆ ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ ಮಲಗಿಸಬೇಕಾಯಿತು. ಮನೆಯಲ್ಲಿ ಒಬ್ಬರು ಐಸ್‌ಕ್ರೀಂ ಅಂದರು, ಇನ್ನೊಬ್ಬರು ದೃಷ್ಟಿ ಅಂದರು, ಮತ್ತೊಬ್ಬರು ಅಂಗಡಿಯವನನ್ನು ಬೈದರು. ಕೋಳಿಯಿಂದಲೇ ಆಯಿತು ಅಂತ ನಾನು ರುಜುವಾತು ಮಾಡಲಾರೆ, ಯಾರೂ ಪರೀಕ್ಷೆ ಮಾಡಿಸಲಿಲ್ಲ. ಆದರೆ ಕಾಲು ತಿಂದವರು ಇಬ್ಬರು, ಮಲಗಿದವರೂ ಅದೇ ಇಬ್ಬರು. ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಥ ವೀಕ್ಷಣೆ ಬಂದರೆ ಏನು ಬರೆಯುತ್ತೀರಿ?

ಈಗ ಲೆಕ್ಕಕ್ಕೆ ಬನ್ನಿ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಇರುವುದು ಅಪರೂಪವೇನಲ್ಲ. ಆರೋಗ್ಯವಾಗಿ ಓಡಾಡುವ ಕೋಳಿಯ ಕರುಳಲ್ಲೂ ಅವು ಇರುತ್ತವೆ, ಕೊಯ್ದು ಶುಚಿ ಮಾಡುವಾಗ ಮಾಂಸಕ್ಕೆ ತಗಲುತ್ತವೆ. ಬೆಚ್ಚಗಿನ ಜಾಗ ಸಿಕ್ಕರೆ ಸಾಲ್ಮೊನೆಲ್ಲಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿ ಆಗಬಲ್ಲದು. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಗಂಟೆಯಲ್ಲಿ ಒಂದರಿಂದ 4096. ಬೇಕಾದರೆ ನೀವೇ ಗುಣಿಸಿ ನೋಡಿ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇವು ಹೆಚ್ಚೂಕಡಿಮೆ ತೂಕಡಿಸುತ್ತವೆ, 60 ಡಿಗ್ರಿ ದಾಟಿದರೆ ಸಾಯತೊಡಗುತ್ತವೆ. ಸಾಯೋಕೂ ಸಮಯ ಬೇಕು. ಕೋಳಿಮಾಂಸದ ಒಳಭಾಗ 60 ಡಿಗ್ರಿಯಲ್ಲೇ ನಿಂತಿದ್ದರೆ ಸಾಲ್ಮೊನೆಲ್ಲಾ ಸುರಕ್ಷಿತ ಮಟ್ಟಕ್ಕೆ ಇಳಿಯಲು ಅರ್ಧ ಗಂಟೆಯ ಹತ್ತಿರ ಹಿಡಿಯುತ್ತದೆ. 74 ಡಿಗ್ರಿಯಲ್ಲಿ ಕೆಲವೇ ಸೆಕೆಂಡು ಸಾಕು. ಅಮೆರಿಕದವರು ಮನೆಮಂದಿಗೆ ಹೇಳುವ 165 ಡಿಗ್ರಿ ಫ್ಯಾರನ್‌ಹೀಟ್ ಅಂದರೆ ಇದೇ 74. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ ಸುರಕ್ಷಿತ ಆಹಾರದ ಐದು ಸೂತ್ರಗಳಲ್ಲಿ 70 ಡಿಗ್ರಿ ಅಂತಿದೆ. ಮನೆಯಲ್ಲಿ ಅಳೆಯುವವರು 74 ಇಟ್ಟುಕೊಳ್ಳಲಿ ಅನ್ನುವುದು ನನ್ನ ಅಭಿಪ್ರಾಯ, ನಮ್ಮ ಕೈ ಅಷ್ಟು ನಿಖರವಲ್ಲ.

ಹಾಗಾದರೆ ಹೊಂಬಣ್ಣ ಏನು ಹೇಳಿತು? ಚರ್ಮದ ಕಥೆ ಮಾತ್ರ ಹೇಳಿತು. ಚರ್ಮದ ನೀರು ಆರಿ, ಅದರ ಶಾಖ 140 ಡಿಗ್ರಿಯ ಸುತ್ತ ಏರಿದಾಗ ಅಲ್ಲಿನ ಅಮೈನೋ ಆಮ್ಲ ಮತ್ತು ಸಕ್ಕರೆ ಸೇರಿ ಕಂದುಬಣ್ಣ, ಘಮ ಎರಡನ್ನೂ ಕೊಡುತ್ತವೆ. ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ಹೆಸರಲ್ಲೇ ಈ ಕ್ರಿಯೆಯನ್ನು ಕರೆಯುತ್ತಾರೆ, ಅವನ ಲೇಖನ 1912ರದ್ದು. ಚರ್ಮ 140 ಮುಟ್ಟಿದಾಗ ನಾಲ್ಕು ಸೆಂಟಿಮೀಟರ್ ಒಳಗೆ 50 ಇರಬಹುದು. ಚಿಕ್ಕ ಓವನ್‌ನಲ್ಲಿ ಕೋಳಿಯ ಬೆನ್ನು ಮೇಲಿನ ಕಾಯಿಲ್‌ಗೆ ಹತ್ತಿರ ಇರೋದರಿಂದ ಇನ್ನೂ ಬೇಗ ಕಂದಾಗುತ್ತದೆ. ಅದರ ಮೇಲೆ ನಮ್ಮ ಖಾರದಪುಡಿ. ನಮ್ಮ ಕೋಳಿ ಒಲೆಗೆ ಹೋಗುವ ಮೊದಲೇ ಕೆಂಪು!

ಒಳಗಿನ ಬಣ್ಣವನ್ನಾದರೂ ನಂಬಬಹುದಾ? ಅದೂ ಪೂರ್ತಿ ಇಲ್ಲ. ಅಂಗಡಿಯ ಬಾಯ್ಲರ್ ಕೋಳಿಗೆ ವಯಸ್ಸು ಆರು ವಾರದ ಆಸುಪಾಸು. ಎಳೆಯ ಮೂಳೆ, ಒಳಗಿನ ಮಜ್ಜೆಯ ಕೆಂಪು ಹೊರಗೆ ಜಿನುಗಿ, ಚೆನ್ನಾಗಿ ಬೆಂದ ಮಾಂಸವೂ ಮೂಳೆಯ ಪಕ್ಕ ಗುಲಾಬಿಯಾಗಿ ಉಳಿಯಬಹುದು. ಕೆಲವು ಸಲ 74 ಮುಟ್ಟುವ ಮೊದಲೇ ಗುಲಾಬಿ ಮಾಯವಾಗಲೂಬಹುದು. ಅಂದರೆ ಬಣ್ಣ ಎರಡೂ ಕಡೆಗೆ ಸುಳ್ಳು ಹೇಳುತ್ತೆ. ಅವತ್ತು ನಾನು ಗುಲಾಬಿ ನೋಡಿ ಅನುಮಾನಪಟ್ಟದ್ದು ಸರಿ, ಆದರೆ ಅನುಮಾನ ತೀರಿಸುವ ದಾರಿ ನನ್ನ ಹತ್ತಿರವೂ ಇರಲಿಲ್ಲ.

ನಮ್ಮ ಅವ್ವ ಇದ್ದಾಗ ಇಂಥ ತೊಂದರೆ ಆದ ನೆನಪಿಲ್ಲ. ಅವ್ವನ ಹತ್ತಿರ ಥರ್ಮಾಮೀಟರ್ ಇತ್ತಾ? ಇಲ್ಲ. ಹುಂಜವನ್ನು ಉರಿಯಲ್ಲಿ ಸುಟ್ಟು ಪುಕ್ಕದ ಬುಡ ತೆಗೆದು, ಅರಿಸಿನ ಹಚ್ಚಿ, ಈಳಿಗೆಮಣೆಯಲ್ಲಿ ಹೆಬ್ಬೆಟ್ಟಿನ ಗಾತ್ರಕ್ಕೆ ಕೊಯ್ದು, ಮಡಕೆಯಲ್ಲಿ ಕುದಿಯೋ ಸಾರಿಗೆ ಹಾಕುತ್ತಿದ್ದಳು. ನಾಟಿ ಕೋಳಿ, ಬೇಗ ಮೆತ್ತಗಾಗೋದಿಲ್ಲ, ಒಂದು ಗಂಟೆಯಾದರೂ ಕುದಿಯಬೇಕು. ಗುಟ್ಟು ಅಲ್ಲಿದೆ. ಶಾಖ ನಡುವಿಗೆ ತಲುಪುವ ಸಮಯ ದಪ್ಪದ ವರ್ಗದಂತೆ ಏರುತ್ತದೆ. ದಪ್ಪ ಎರಡರಷ್ಟಾದರೆ ಸಮಯ ನಾಲ್ಕರಷ್ಟು, ದಪ್ಪ ನಾಲ್ಕರಷ್ಟಾದರೆ ಸಮಯ ಹದಿನಾರರಷ್ಟು. ಎರಡು ಸೆಂಟಿಮೀಟರ್ ತುಂಡಿಗೆ ಐದು ನಿಮಿಷ ಸಾಕು ಅಂತಿಟ್ಟುಕೊಳ್ಳಿ, ಎಂಟು ಸೆಂಟಿಮೀಟರ್ ದಪ್ಪಕ್ಕೆ 80 ನಿಮಿಷ ಆಯಿತು. ಇದು ಒರಟು ಲೆಕ್ಕವೇ, ಆದರೂ ಭಾವ ಕೊಟ್ಟ 45 ನಿಮಿಷ ಯಾಕೆ ಸಾಲಲಿಲ್ಲ ಅನ್ನೋದು ಗೊತ್ತಾಗುತ್ತೆ.

ಇನ್ನೂ ಒಂದು ವಿಷಯ. ಆ ಕೋಳಿಯ ಹೊಟ್ಟೆಯ ಗೂಡಿನಲ್ಲಿ ಐಸ್ ಉಳಿದಿತ್ತು ಅಂತ ಅಕ್ಕ ಆಮೇಲೆ ಹೇಳಿದಳು. ಗುಪ್ತೋಷ್ಣ ನೆನಪಿದೆಯಲ್ಲ? 0 ಡಿಗ್ರಿಯ ಒಂದು ಗ್ರಾಂ ಐಸ್ 0 ಡಿಗ್ರಿಯ ನೀರಾಗಲು 80 ಕ್ಯಾಲೊರಿ ನುಂಗುತ್ತದೆ. ಅಷ್ಟೇ ಶಾಖದಲ್ಲಿ ಒಂದು ಗ್ರಾಂ ನೀರನ್ನು 0ಯಿಂದ 80 ಡಿಗ್ರಿಗೆ ಏರಿಸಬಹುದಿತ್ತು! ಹೊರಗೆ ಚರ್ಮ ಸುಡುತ್ತಿದ್ದರೆ ಒಳಗೆ ಐಸ್ ಆ ಶಾಖವನ್ನೆಲ್ಲ ಕುಡಿಯುತ್ತಿತ್ತು. ಹೊರಗಿಟ್ಟು ಕರಗಿಸಿದರೆ ಇನ್ನೊಂದು ಅಪಾಯ, ಮೇಲಿನ ಮಾಂಸ ಅಡುಗೆಮನೆಯ ಸೆಕೆಗೆ 30 ಡಿಗ್ರಿ ಮುಟ್ಟಿ ಬ್ಯಾಕ್ಟೀರಿಯಾಗೆ ಹಬ್ಬ, ಒಳಗೆ ಇನ್ನೂ ಕಲ್ಲು. ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ, ನೀರು ಬೇರೆ ಊಟಕ್ಕೆ ಸೋರದ ಹಾಗೆ ಪಾತ್ರೆಯಲ್ಲಿಟ್ಟು, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಮಸಾಲೆ ಹಚ್ಚಿ ನೆನೆಸೋದೂ ಫ್ರಿಜ್ಜಿನಲ್ಲೇ. ಹೊಟ್ಟೆಗೆ ಅನ್ನ, ಮೊಟ್ಟೆ ತುಂಬಿ ಸುಡುವ ಚಪಲ ಬೇಡ, ತುಂಬಿದ್ದೂ 74 ಮುಟ್ಟಬೇಕಲ್ಲ, ಅದು ಮುಟ್ಟುವ ಹೊತ್ತಿಗೆ ಎದೆ ಮಾಂಸ ಒಣಗಿ ಹಂಚಿಕಡ್ಡಿ.

ತೊಳೆಯುವ ವಿಷಯದಲ್ಲಿ ಮನೆಯಲ್ಲಿ ಜಗಳ ಆಗೋದು ಖಂಡಿತ. ಹಸಿ ಕೋಳಿಯನ್ನು ನಲ್ಲಿ ಕೆಳಗೆ ಹಿಡಿದರೆ ಹನಿ ಸಿಡಿದು ಪಕ್ಕದ ಸೌತೆಕಾಯಿ, ಲೋಟ, ಬಟ್ಟೆ ಎಲ್ಲಕ್ಕೂ ಬ್ಯಾಕ್ಟೀರಿಯಾ ಹರಡುತ್ತದೆ, ಹಾಗಾಗಿ ತೊಳೆಯಲೇಬೇಡಿ ಅಂತಾರೆ ಆಹಾರ ತಜ್ಞರು. ತೊಳೆಯದ ಕೋಳಿಯನ್ನು ನಮ್ಮಮ್ಮಂದಿರು ಒಲೆ ಹತ್ತಿರ ಬಿಡೋದಿಲ್ಲ, ಅದೂ ನನಗೆ ಗೊತ್ತು. ಪುಕ್ಕ, ರಕ್ತ ಇರುವ ನಮ್ಮ ಅಂಗಡಿಯ ಕೋಳಿಗೆ ನೀರು ಬೇಕೇ ಬೇಕು ಅಂದರೆ ನಲ್ಲಿ ಬಿಟ್ಟು ಅಗಲದ ಪಾತ್ರೆಯಲ್ಲಿ ಮೆಲ್ಲಗೆ ತೊಳೆಯಿರಿ, ಆಮೇಲೆ ಪಾತ್ರೆ, ಸಿಂಕು, ಕೈ ಸೋಪಿನಿಂದ. ಈರುಳ್ಳಿ ಸೌತೆಕಾಯಿ ಹೆಚ್ಚೋದು ಅದಕ್ಕೆ ಮೊದಲೇ ಮುಗಿದಿರಲಿ, ಮಣೆ ಬೇರೆಯಿರಲಿ. ಅರಿಸಿನ, ಉಪ್ಪು, ನಿಂಬೆಹಣ್ಣು ಹಚ್ಚಿದೆವು, ಇನ್ನು ಕ್ರಿಮಿ ಇಲ್ಲ ಅನ್ನೋರಿಗೆ ಮಾತ್ರ ನಾನು ಒಪ್ಪೋದಿಲ್ಲ. ರುಚಿಗೆ ಹಚ್ಚಿ, ಕೊಲ್ಲೋದು ಶಾಖ.

ಈಗ ನನ್ನ ವಾದ. ಹೊಸ ಅಡುಗೆ ಕಲಿಯೋದು ತಪ್ಪಲ್ಲ. ಆದರೆ ಫೋನಿನಿಂದ ಓವನ್, ಇಡೀ ಕೋಳಿ, ಅಲಂಕಾರ ಎಲ್ಲ ತೆಗೆದುಕೊಂಡು, ಅವರ ಕೈಲಿರುವ ಥರ್ಮಾಮೀಟರ್ ಒಂದನ್ನು ಬಿಟ್ಟು ಬರುತ್ತೇವೆ. ಆಹಾರಕ್ಕೆ ಚುಚ್ಚುವ ಲೋಹದ ಕಡ್ಡಿಯ ಥರ್ಮಾಮೀಟರ್ ಸಿಗುತ್ತದೆ, ಹೆಚ್ಚೂಕಡಿಮೆ ಒಂದು ಕೋಳಿಯ ಬೆಲೆ. ಓವನ್ ಕೊಳ್ಳುವ ಮನೆಗೆ ಅದು ಭಾರವಲ್ಲ. ಜ್ವರ ನೋಡುವ ಥರ್ಮಾಮೀಟರನ್ನು ಮಾತ್ರ ಚುಚ್ಚಬೇಡಿ, ಅದು 42 ಡಿಗ್ರಿಗೆ ಮುಗಿಯುತ್ತೆ, ಗಾಜಿನದಾದರೆ ಒಡೆದು ಪಾದರಸ ಊಟಕ್ಕೆ ಬೀಳುತ್ತೆ. ಶಾಲೆಯ ಲ್ಯಾಬಿನದನ್ನೂ ತರಬೇಡಿ, ಅದು ಯಾವ್ಯಾವ ರಾಸಾಯನಿಕದಲ್ಲಿ ಮುಳುಗಿದೆಯೋ.

ತಂದ ಮೇಲೆ ಅದು ಸರಿಯಿದೆಯಾ ನೋಡುವ ಕೆಲಸ ನಿಮ್ಮದು. ಪುಡಿ ಐಸ್ ತುಂಬಿದ ನೀರಲ್ಲಿ 0 ತೋರಿಸಬೇಕು. ಕುದಿಯುವ ನೀರಲ್ಲಿ 100 ಅಂತ ಪುಸ್ತಕ ಹೇಳುತ್ತೆ, ಆದರೆ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 1 ಡಿಗ್ರಿ ಕಡಿಮೆಯಾಗುತ್ತದೆ. ಕಂಬಂನಲ್ಲಿ 99ರ ಆಸುಪಾಸು, ಮೇಲೆ ಮೇಘಮಲೈಯ 1500 ಮೀಟರ್‌ನಲ್ಲಿ 95. ನಿಮ್ಮೂರಲ್ಲಿ ಎಷ್ಟು ಬರಬೇಕು ಅಂತ ಮೊದಲು ಲೆಕ್ಕ ಹಾಕಿ, ಆಮೇಲೆ ದೊಡ್ಡವರನ್ನು ಪಕ್ಕದಲ್ಲಿಟ್ಟುಕೊಂಡು ಅಳೆಯಿರಿ. ಕೋಳಿಯಲ್ಲಿ ಕಡ್ಡಿಯ ತುದಿ ತೊಡೆಯ ಒಳಭಾಗದ ದಪ್ಪನೆಯ ಜಾಗದಲ್ಲಿರಬೇಕು, ಮೂಳೆಗೆ ತಾಗಬಾರದು. ಎರಡು ತೊಡೆ, ಎದೆ, ಮೂರು ಕಡೆ ನೋಡಿ. ಎಲ್ಲಕ್ಕಿಂತ ಕಡಿಮೆ ಬಂದ ಅಂಕಿಯೇ ಲೆಕ್ಕಕ್ಕೆ.

ಥರ್ಮಾಮೀಟರ್ ಇಲ್ಲವಾ? ಹಾಗಾದರೆ ಇಡೀ ಕೋಳಿ ಸುಡಬೇಡಿ ಅಂತಲೇ ನಾನು ಹೇಳೋದು. ತುಂಡು ಮಾಡಿಸಿ. ಇಡಿಯಾಗಿಯೇ ಬೇಕು ಅಂತ ಹಟವಿದ್ದರೆ, ದೊಡ್ಡ ಪ್ರೆಶರ್ ಕುಕ್ಕರಿನಲ್ಲಿ ಮೊದಲು ಪೂರ್ತಿ ಬೇಯಿಸಿ, ಅದರೊಳಗಿನ ಹಬೆ 120 ಡಿಗ್ರಿ ತನಕ ಹೋಗುತ್ತದೆ. ಆಮೇಲೆ ತಡ ಮಾಡದೆ ಓವನ್ನಿಗೋ ಕೆಂಡಕ್ಕೋ ಬಣ್ಣ ಬರಲು ಇಡಿ. ಅರ್ಧ ಬೇಯಿಸಿಟ್ಟು, ಉಳಿದದ್ದು ಸಂಜೆಗೆ ಅನ್ನೋದು ಬೇಡ. ಮಳೆ ಬಂತು ಅಂತ ಇದ್ದಲು ಒಲೆಯನ್ನು ಕೋಣೆಯೊಳಗೆ ತಂದು ಬಾಗಿಲು ಹಾಕಿಕೊಳ್ಳೋದು ಅಂತೂ ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ತಿಂದು ಉಳಿದದ್ದು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ.

"ನಮ್ಮ ಹೊಟ್ಟೆಗೆ ಇದೆಲ್ಲ ಅಭ್ಯಾಸ, ಕಲ್ಲು ತಿಂದರೂ ಕರಗುತ್ತೆ" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅವರ ಹೊಟ್ಟೆಗೆ ಇರಬಹುದು. ಎಲೆಯ ಮುಂದೆ ಕೂತಿರೋದು ಅವರೊಬ್ಬರೇ ಅಲ್ಲವಲ್ಲ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರಿಗೆ ಈ ಕಾಯಿಲೆ ಜೋರಾಗಿ ಬರುತ್ತದೆ, ಮೈಯ ನೀರು ಬೇಗ ಬತ್ತುತ್ತದೆ. ಹಿರಿಯರ ಮಾತಿಗೆ ಎದುರಾಡಬಾರದು ಅಂತ ನಮಗೆ ಕಲಿಸಿದ್ದಾರೆ, ನಾನೂ ನಿಮಗೆ ಅದನ್ನೇ ಕಲಿಸಿದ್ದೇನೆ. ಆದರೆ "ಎಷ್ಟು ಡಿಗ್ರಿ ಆಯ್ತು ದೊಡ್ಡಪ್ಪ?" ಅಂತ ಕೇಳೋದು ಎದುರಾಡಿದ ಹಾಗಲ್ಲ. ಅವತ್ತು ನಾನು ಅದನ್ನು ಕೇಳಿದ್ದರೆ ಭಾವ ಬೇಜಾರು ಮಾಡಿಕೊಳ್ಳುತ್ತಿದ್ದರು, ಅಷ್ಟೇ ತಾನೇ.

ಭಾವ ಇಡೀ ಕೋಳಿ ಸುಡೋದನ್ನು ಬಿಟ್ಟಿಲ್ಲ. ಎರಡು ವರ್ಷದ ಮೇಲೆ ಪೊಂಗಲ್‌ಗೆ ಹೋದಾಗ ನಾನು ಕಡ್ಡಿ ಥರ್ಮಾಮೀಟರ್ ಒಂದನ್ನು ತೆಗೆದುಕೊಂಡು ಹೋಗಿದ್ದೆ. ಒಂದು ಗಂಟೆ ಇಪ್ಪತ್ತು ನಿಮಿಷ ಆಗಿತ್ತು. ಕಡ್ಡಿ ಚುಚ್ಚಿದ್ದು ಭಾವನೇ, ಅಂಕಿ ಓದಿದ್ದು ಅವರ ಮಗಳು. "ಎಪ್ಪತ್ತಾರು!" ಅಂದಳು. ಭಾವ ನನ್ನ ಕಡೆ ನೋಡಿ ಮೀಸೆ ತಿರುವಿ, ತಟ್ಟೆ ತರೋಕೆ ಹೇಳಿದರು.

"ಅಪ್ಪಾ, ಇನ್ನೊಂದು ಕಾಲು?" ಅಂದಳು ಹುಡುಗಿ.

ಅದು 68 ತೋರಿಸಿತು. ಭಾವ ಏನೂ ಮಾತಾಡದೆ ಕೋಳಿಯನ್ನು ತಿರುಗಿಸಿ ಮತ್ತೆ ಒಳಗಿಟ್ಟರು.