ತಾಕತ್ತು ಬೆರಳಾಗ ಇಲ್ಲೋ, ಪಟ್ಟಿ ಬರದವರ ಕಣ್ಣಾಗ ಇಲ್ಲೋ?

ಅಕ್ಕಾರ, ವೈನ್ಯಾರ, ನಮ್ಮ ಓಣಿ ಗೆಳತ್ಯಾರ, ಈ ಸಲ ಉಪ್ಪಿನಕಾಯಿ ವಿಚಾರ ಬರ್ಯಾಂಗಿಲ್ಲ. ಜಗಳಾ ಬರೀತೇನಿ.

ದೀಪಾವಳಿಗೆ ಎಲ್ಲಾರೂ ಹುಲಗೂರಾಗ ಕೂಡಿದ್ವಿ. ಬೆಂಗಳೂರಾಗ ಓದೋ ನಮ್ಮ ಮೈದುನನ ಮಗ ಹೆಗಲಿಗೆ ಗಿಟಾರು ಹಾಕ್ಕೊಂಡು ಬಂದಿದ್ದ. ಕಟ್ಟಿ ಮ್ಯಾಲೆ ಕುಂತು ಮೊಬೈಲಿನ್ಯಾಗ ಒಂದು ಪಟ್ಟಿ ಓದಿದ. ರಾಕ್ ಸಂಗೀತದ ನೂರು ಮಂದಿ ದೊಡ್ಡ ಗಿಟಾರ್ ವಾದಕರ ಪಟ್ಟಿ, ‘ರೋಲಿಂಗ್ ಸ್ಟೋನ್’ ಅನ್ನೋ ಅಮೆರಿಕಾದ ಪತ್ರಿಕೆ 2003ರಾಗ ಹಾಕಿದ್ದು. ಮೊದಲನೇ ಹೆಸರು ಜಿಮಿ ಹೆಂಡ್ರಿಕ್ಸ್. ನನ್ನ ಮಗಳು ಕೇಳಿದ್ಲು, “ನೂರರಾಗ ಹೆಣ್ಣಮಕ್ಕಳು ಎಷ್ಟು?” ಹುಡುಕಿ ಹೇಳಿದ: ಎರಡ. 72ಕ್ಕ ಜೋನಿ ಮಿಚೆಲ್, 87ಕ್ಕ ಜೋನ್ ಜೆಟ್.

“ಹೆಣ್ಣಮಕ್ಕಳ ಬೆರಳಾಗ ಅಷ್ಟು ತಾಕತ್ತು ಎಲ್ಲಿಂದ ಬರಬೇಕು?” ಅಂದ. ಎಲ್ಲಾರೂ ನಕ್ರು. ಗಂಡಸ್ರು ನಕ್ಕಿದ್ದಕ್ಕ ನನಗ ಬೇಜಾರಿಲ್ಲ. ಬೆಳಿಗ್ಗೆ ನಲವತ್ತು ರೊಟ್ಟಿ ಬಡದ ನಾವೂ ನಕ್ಕಿವಲ್ಲ, ಅದು ನನ್ನ ನಿದ್ದಿ ಕೆಡಿಸ್ತು.

ರಾತ್ರಿ ನಾನೂ ಮಗಳೂ ಕೂಡೇ ಹುಡುಕಿದ್ವಿ. ಆವಾಗ ಸಿಕ್ಕಾಕಿ ಸಿಸ್ಟರ್ ರೊಸೆಟ್ಟಾ ಥಾರ್ಪ್. 1915ರಾಗ ಅಮೆರಿಕಾದ ಅರ್ಕನ್ಸಾದಾಗ ಹುಟ್ಟಿದ ಕಪ್ಪು ಜನಾಂಗದ ಹುಡಿಗಿ. ತಾಯಿ ಮ್ಯಾಂಡೊಲಿನ್ ಬಾರಿಸಿ ದೇವರ ಪದ ಹಾಡಾಕಿ, ಮಗಳು ಸಣ್ಣಾಕಿದ್ದಾಗಿಂದ ಗಿಟಾರು ಹಿಡಿದು ತಾಯಿ ಜೋಡಿ ಊರೂರು ತಿರುಗಿದಾಕಿ. 1938ರಾಗ ಆಕಿ ಮೊದಲ ರೆಕಾರ್ಡು ಬಂತು. ಭಜನಿ ಪದಕ್ಕ ಕರೆಂಟಿನ ಗಿಟಾರು ಕೂಡಿಸಿ ಹಿಂಗ ಬಾರಿಸಿದ್ಲಂದ್ರ, ಮುಂದ ರಾಕ್ ಅಂಡ್ ರೋಲ್ ಅಂತ ಹೆಸರಾದ ಸಂಗೀತಕ್ಕ ಅದು ಬುನಾದಿ ಆತು. ಲಿಟಲ್ ರಿಚರ್ಡ್ ಅನ್ನೋ ದೊಡ್ಡ ಹಾಡುಗಾರನ್ನ ಹುಡುಗ ಇದ್ದಾಗ ವೇದಿಕೆಗೆ ಕರದು ಹಾಡಿಸಿದಾಕಿ ಈಕಿನ. 1964ರಾಗ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಒಂದು ಹಳೇ ರೈಲ್ವೆ ಸ್ಟೇಶನ್ನಿನ್ಯಾಗ, ಮಳಿ ಬಂದು ಹಸಿಯಾದ ಪ್ಲಾಟ್‌ಫಾರ್ಮಿನ ಮ್ಯಾಲೆ, ಕೋಟು ಹಾಕ್ಕೊಂಡು ನಿಂತು ಬಾರಿಸಿದ ವಿಡಿಯೋ ಐತಿ. ನೋಡ್ರಿ, ಮೈ ಝುಮ್ ಅಂತೈತಿ.

ಆಕಿಗೆ ಸಿಕ್ಕ ಹೊಗಳಿಕಿ ಯಾವುದು ಗೊತ್ತೇನು? “ಗಂಡಸಿನ್ಹಂಗ ಬಾರಿಸ್ತಾಳ” ಅಂತ! ಅಲ್ರೀ, ಆ ಗಂಡಸ್ರ ಆಕಿನ್ನ ನೋಡಿ ಕಲತಾರ. ಹಂಗಾದ್ರ ಯಾರು ಯಾರಂಗ ಬಾರಿಸಿದ್ರು?

1973ರಾಗ ತೀರಿಕೊಂಡ್ಲು. ಮೂವತ್ತು ವರ್ಷದ ಮ್ಯಾಲೂ ಸಮಾಧಿಗೆ ಹೆಸರಿನ ಕಲ್ಲು ಇರಲಿಲ್ಲ. ರಾಕ್ ಅಂಡ್ ರೋಲಿನ ಗೌರವಮಂದಿರಕ್ಕ ಚಕ್ ಬೆರ್ರಿ, ಎಲ್ವಿಸ್ ಪ್ರೀಸ್ಲಿ, ಲಿಟಲ್ ರಿಚರ್ಡ್ 1986ರಾಗ ಮೊದಲನೇ ಪಂಕ್ತಿಗೆ ಕುಂತ್ರು. ಈಕಿ ಹೆಸರು ಸೇರಿದ್ದು 2018ರಾಗ. ಮೂವತ್ತೆರಡು ವರ್ಷ ತಡ. ಅಡಗಿ ಮಾಡಿದಾಕಿ ಕಡೀ ಪಂಕ್ತಿಗೆ, ತಳ ಹತ್ತಿದ ಅನ್ನಕ್ಕ. ಇದು ನಮಗೇನು ಹೊಸಾದಲ್ಲ.

ಇನ್ನೊಬ್ಬಾಕಿ ಎಲಿಜಬೆತ್ ಕಾಟನ್. ಎಡಚಿ. ಬಲಗೈಯವರ ಗಿಟಾರು ತಲಿಕೆಳಗ ಹಿಡಿದು ತಾನ ಕಲತಾಕಿ. ಲಗ್ನ, ಮಗಳು, ಮಂದಿ ಮನಿ ಚಾಕರಿ ಅಂತ ಎಷ್ಟೋ ವರ್ಷ ಗಿಟಾರು ಮುಟ್ಟಲಿಲ್ಲ. ತಾನು ಕೆಲಸಕ್ಕಿದ್ದ ಮನಿಯವರು ಸಂಗೀತಗಾರರು. ಅವರ ಮನಿ ಗಿಟಾರು ಹಿಡದಾಗ ಕೈಗೆ ಎಲ್ಲಾ ನೆನಪಿತ್ತು. ಅರವತ್ತು ದಾಟಿದ ಮ್ಯಾಲೆ ಮೊದಲ ರೆಕಾರ್ಡು, ತೊಂಬತ್ತರ ಹತ್ತರ, 1985ರಾಗ, ಗ್ರ್ಯಾಮಿ ಪ್ರಶಸ್ತಿ. ಮಂದಿ “ನೋಡ್ರಿ, ತಡಾ ಆದ್ರೂ ಸಿಕ್ತು” ಅಂತಾರ. ನಾ ಕೇಳತೇನಿ, ನಡುವಿನ ಅಷ್ಟು ವರ್ಷದ ಲೆಕ್ಕ ಕೊಡೋರು ಯಾರು?

“ಅದು ಇಂಗ್ಲೀಷರ ವಾದ್ಯ, ನಮ್ಮ ಹುಡಿಗ್ಯಾರಿಗೆ ಯಾಕ?” ಅಂತ ನಮ್ಮ ನೆಗೆಣ್ಣಿ ಅಂದ್ಲು. ಖರೇ ಹೇಳ್ರಿ, ಗಿಟಾರು ನಮಗ ಪರಕೀಯ ಏನು? ಶರೀಫಜ್ಜನ ಶಿಶುನಾಳ ನಮ್ಮ ತಾಲೂಕಿಂದ. ನಮ್ಮೂರ ಖಾದರಲಿಂಗನಿಗೆ ನಡಕೊಂಡ ಮ್ಯಾಲೆ ಆ ಮಗ ಹುಟ್ಟಿದ ಅಂತ ನಮ್ಮ ಹಿರ್ಯಾರು ಹೇಳತಾರ. ಅವನ ‘ಗುಡಗುಡಿಯ ಸೇದಿ ನೋಡೊ’ ಪದಾನ ಮೈಸೂರಿನ ರಘು ದೀಕ್ಷಿತ ಗಿಟಾರಿನ ಮ್ಯಾಲೆ ಹಾಡಿದಾಗ ನಾವ ತಲಿ ತೂಗಿದ್ವಿ. ಶರೀಫಜ್ಜ ಕೆಟ್ಟನೇನು? ಇಲ್ಲ. ಅಂದ್ರ ತಕರಾರು ಗಿಟಾರಿಂದಲ್ಲ, ಅದು ಯಾರ ತೊಡಿ ಮ್ಯಾಲೆ ಕುಂತೈತಿ ಅನ್ನೋದು.

ನಮ್ಮ ಜಿಲ್ಲಾದ ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿ ಹಾನಗಲ್ಲರನ್ನ ನೆನಸ್ರಿ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕ, ಸವಾಯಿ ಗಂಧರ್ವರ ಹತ್ರ ಕಲಿಯಾಕ ಹೋಗೋವಾಗ ಚುಚ್ಚಿ ಮಾತಾಡಿದವರು ಕಡಿಮಿ ಇರಲಿಲ್ಲ. ಗಂಡಸು ಹಾಡಿದ್ರ ಪಂಡಿತ, ಉಸ್ತಾದ. ಹೆಂಗಸು ಎಷ್ಟು ಹಾಡಿದ್ರೂ ಬರೇ ಬಾಯಿ ಅಂತ ಅವರ ಹೇಳತಿದ್ರು. 2002ರಾಗ ಪದ್ಮವಿಭೂಷಣ ಬಂದ ಮ್ಯಾಲೆ ಎಲ್ಲಾರೂ “ನಮ್ಮ ಗಂಗಕ್ಕ” ಅಂದ್ರು. ಕಲಿಯೋವಾಗ ಚುಚ್ಚೋದು, ಗೆದ್ದ ಮ್ಯಾಲೆ ನಮ್ಮಾಕಿ ಅನ್ನೋದು. ಚಂದ ಐತಿ ನಮ್ಮ ನ್ಯಾಯ.

ಮಂದಿಗೆ ಬೈದು ನಾ ತಪ್ಪಿಸ್ಕೊಳ್ಳಂಗಿಲ್ಲ. ನನ್ನ ಮಗಳಿಗೂ ಒಂದು ಗಿಟಾರಿತ್ತು. ಪಿಯುಸಿಗೆ ಬಂದಾಗ ಆಕಿ ಎಡಗೈ ಬೆರಳ ತುದಿ ಜಡ್ಡುಗಟ್ಟಿದ್ದು ನೋಡಿ, “ನಾಳೆ ನೋಡಾಕ ಬಂದವರು ಏನಂದಾರು” ಅಂತ ನಾನ ಅದನ್ನ ಅಟ್ಟಕ್ಕೇರಿಸಿದ್ದೆ. ನನ್ನ ಬೆರಳು ಹಂಚಿಗೆ ಸುಟ್ಟು, ಈಳಿಗಿಗೆ ಕೊಯ್ದು ಜಡ್ಡುಗಟ್ಟ್ಯಾವು. ಅದಕ್ಕ ಯಾರೂ ಏನೂ ಅಂದಿಲ್ಲ. ಆಕಿ ತನಗೋಸ್ಕರ ಜಡ್ಡು ಮಾಡಿಕೊಂಡ್ರ ಮಾತ್ರ ತಪ್ಪಾತು.

ಪತ್ರಿಕೆಯವರು ತಿದ್ದಿಕೊಂಡ್ರು. 2023ರಾಗ 250 ಮಂದಿದು ಹೊಸಾ ಪಟ್ಟಿ ಮಾಡಿ ಥಾರ್ಪ್‌ಗೆ ಆರನೇ ಜಾಗಾ ಕೊಟ್ರು. ಇಪ್ಪತ್ತು ವರ್ಷದ ಹಿಂದ ನೂರರಾಗೂ ಇರಲಾರದಾಕಿ ಆರಕ್ಕ ಬಂದ್ಲು. ಆಕಿ ತೀರಿಕೊಂಡು ಐವತ್ತು ವರ್ಷ ಆಗಿತ್ತು. ಆಕಿ ಬೆರಳು ಬದಲಾಗಿದ್ದಿಲ್ಲ, ನೋಡೋ ಕಣ್ಣು ಬದಲಾಗಿದ್ವು. ಅಷ್ಟು ದೂರದವರು ತಿದ್ದಿಕೊಂಡಾರಂದ್ರ ನಮಗೇನಾಗೈತಿ ಧಾಡಿ?

ಹಬ್ಬದ ಮರುದಿನ ಅಟ್ಟಾ ಹತ್ತಿ ಗಿಟಾರು ಇಳಿಸೇನಿ. ತಂತಿ ತುಕ್ಕು ಹಿಡದಾವು, ಒಂದು ಹರದೈತಿ. ಮಗಳು ಸಿಟ್ಟಿನ್ಯಾಗ ಅದಾಳ, ಇನ್ನೂ ಮುಟ್ಟಿಲ್ಲ. ಮುಟ್ಟು ಅಂತ ನಾನೂ ಜುಲುಮಿ ಮಾಡಾಂಗಿಲ್ಲ. ಸೋಮವಾರ ಹುಬ್ಬಳ್ಳಿಗೆ ಹೊಂಟೇನಿ, ಹೊಸಾ ತಂತಿ ತರತೇನಿ. ನಿಮ್ಮ ಮನಿ ಅಟ್ಟದ ಮ್ಯಾಲೆ ಏನೈತಿ, ಒಂದ್ಸಲ ಹತ್ತಿ ನೋಡ್ರಿ.