ಅಂಗೈ ತಟ್ಟಿದ್ದು ತಪ್ಪೇ?

ಮೊದಲೇ ಹೇಳಿಬಿಡುತ್ತೇನೆ, ನಾನು ಹಾಕಿ ಆಡಿದವನಲ್ಲ. ನೋಡಿದವನು. ಅದೂ ಟಿವಿಯಲ್ಲಿ ಸ್ವಲ್ಪ, ಕೊಡಗಿನ ಮೈದಾನಗಳಲ್ಲಿ ಹೆಚ್ಚು. ನಮ್ಮದು ಪಿರಿಯಾಪಟ್ಟಣ. ಬಸ್ಸು ಹತ್ತಿ ಬೈಲಕುಪ್ಪೆ ದಾಟಿದರೆ ಕುಶಾಲನಗರ, ಅಲ್ಲಿಂದಾಚೆ ಮಕ್ಕಳ ಕೈಗೆ ಬ್ಯಾಟಿಗಿಂತ ಮೊದಲು ಹಾಕಿ ಸ್ಟಿಕ್ಕು ಸಿಗುವ ಸೀಮೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಇವತ್ತು ನೂರಾರು ಕುಟುಂಬಗಳು ಆಡುವಷ್ಟು ಬೆಳೆದಿದೆ. ಅದನ್ನು ನೋಡಲು ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ನಾನೂ ಹೋಗಿದ್ದೇನೆ. ಹೀಗಾಗಿ ಹಾಕಿಯ ಬಗ್ಗೆ ಎರಡು ಮಾತಾಡುವ ಧೈರ್ಯ ಬಂದಿದೆ ಅಷ್ಟೆ.

ವಿಷಯಕ್ಕೆ ಬರುತ್ತೇನೆ. 2025ರ ಅಕ್ಟೋಬರ್ 14ರಂದು ಮಲೇಷ್ಯಾದಲ್ಲಿ ಸುಲ್ತಾನ್ ಆಫ್ ಜೊಹೊರ್ ಕಪ್‌ನಲ್ಲಿ ಭಾರತ-ಪಾಕಿಸ್ತಾನ ಜೂನಿಯರ್ ತಂಡಗಳ ಪಂದ್ಯ ಇತ್ತು. ಎಲ್ಲ 21 ವರ್ಷದೊಳಗಿನ ಹುಡುಗರು. ರಾಷ್ಟ್ರಗೀತೆಗಳು ಮುಗಿದ ಮೇಲೆ ಎರಡೂ ಕಡೆಯ ಹುಡುಗರು ಸಾಲಾಗಿ ಬಂದು ಒಬ್ಬರ ಅಂಗೈಗೆ ಒಬ್ಬರು ಅಂಗೈ ತಟ್ಟಿ ಮುಂದೆ ಹೋದರು. ಎರಡು ಸೆಕೆಂಡಿನ ಕೆಲಸ. ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 14ರಂದು, ದುಬೈನಲ್ಲಿ ನಮ್ಮ ದೊಡ್ಡವರ ಕ್ರಿಕೆಟ್ ತಂಡ ಪಾಕಿಸ್ತಾನದವರ ಕೈ ಕುಲುಕದೆ ಬಂದಿತ್ತು. ಹಾಗಾಗಿ ಈ ಎರಡು ಸೆಕೆಂಡು ದೊಡ್ಡ ಸುದ್ದಿಯಾಯಿತು.

ಮಾರನೇ ದಿನ ನಾನು ಹುಣಸೂರಿನಲ್ಲಿದ್ದೆ. ಕಟ್ಟೆಮಳಲವಾಡಿ ಕಡೆ ಹೋಗುವ ದಾರಿಯ ಒಂದು ಟೀ ಅಂಗಡಿ. ಹೊಗೆಸೊಪ್ಪಿನ ರೇಟು, ಬ್ಯಾರನ್ ಸೌದೆ ಇವೆರಡು ಬಿಟ್ಟರೆ ಮೂರನೇ ಮಾತು ಹುಟ್ಟದ ಜಾಗ ಅದು. ಅವತ್ತು ಹುಟ್ಟಿತ್ತು. ನಮ್ಮ ಚಿಕ್ಕಪ್ಪ ಮೊಬೈಲಿನಲ್ಲಿ ಆ ವಿಡಿಯೋ ಮತ್ತೆ ಮತ್ತೆ ನೋಡುತ್ತಾ ಕೆಂಡವಾಗಿದ್ದರು.

"ನಮ್ ಜನ ಸತ್ತವ್ರೆ, ಇವು ಹೋಗಿ ಕೈಗ್ ಕೈ ತಟ್ತವಲ್ಲಾ... ನಾಚ್ಕೆ ಆಗ್ಬೇಕು ಕಣ್ಲಾ!"

ಪಕ್ಕದಲ್ಲಿ ಕೆ.ಆರ್.ನಗರದ ನಿವೃತ್ತ ಪಿ.ಟಿ. ಮೇಷ್ಟ್ರು. ಅವರು ಲೋಟ ಕೆಳಗಿಟ್ಟು, "ಅಲ್ಲ ಗೌಡ್ರೇ, ಅಂಕಣಕ್ಕೆ ಇಳ್ದ ಮೇಲೆ ಎದುರಾಳಿಗೆ ಮರ್ಯಾದೆ ಕೊಡ್ಬೇಕು ಅಂತ ನಲವತ್ತು ವರ್ಷ ನಾನೇ ಹೇಳ್ಕೊಟ್ಟಿವ್ನಿ. ಈಗ ಬ್ಯಾಡ ಅನ್ನಕ್ಕಾಯ್ತದಾ?" ಅಂದರು.

ಕೋಟೆ ಕಡೆಯ ಮಾಜಿ ಸೈನಿಕರೊಬ್ಬರು ಅಲ್ಲಿಯವರೆಗೆ ಸುಮ್ಮನಿದ್ದರು. ಅವರು ಹೇಳಿದ್ದು ಇಷ್ಟೇ: "ಕೊಡಿ ಅಂದ್ರೆ ಕೊಡ್ಬೇಕು, ಬ್ಯಾಡ ಅಂದ್ರೆ ಬುಡ್ಬೇಕು. ಹುಡುಗ್ರನ್ನ ಯಾಕೆ ಬೈತೀರಿ? ಆರ್ಡರ್ ಯಾರು ಕೊಟ್ರು, ಯಾರು ಕೊಡ್ಲಿಲ್ಲ, ಅವ್ರನ್ನ ಕೇಳಿ."

ಇನ್ನೊಂದು ಸುತ್ತು ಟೀ ಬಂತು. ಜಗಳ ಮುಗಿಯಲಿಲ್ಲ.

ಚಿಕ್ಕಪ್ಪನ ಸಿಟ್ಟನ್ನು ನಾನು ತಮಾಷೆ ಮಾಡುವುದಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಸತ್ತ 26 ಜನರಲ್ಲಿ ಶಿವಮೊಗ್ಗದವರೂ ಇದ್ದರು, ಬೆಂಗಳೂರಿನವರೂ ಇದ್ದರು. ರಜೆಗೆಂದು ಹೋದವರು. ಆ ಸುದ್ದಿ ಬಂದ ರಾತ್ರಿ ನಮ್ಮ ಮನೆಯಲ್ಲೂ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಪಾಕಿಸ್ತಾನದ ಜೊತೆ ಆಟವೇ ಬೇಡ ಎನ್ನುವವರನ್ನು ನಾನು ಒಪ್ಪದೇ ಇರಬಹುದು, ಆದರೆ ಆ ಮಾತಿಗೆ ಒಂದು ಅರ್ಥವಿದೆ. ನನಗೆ ಅರ್ಥವಾಗದೇ ಇರುವುದು ಇದು: ಆಡಲು ಕಳಿಸುವವರೂ ನಾವೇ, ಎದುರಿಗೆ ನಿಲ್ಲಿಸುವವರೂ ನಾವೇ, ನಿಂತ ಮೇಲೆ ಹತ್ತೊಂಬತ್ತು ವರ್ಷದ ಹುಡುಗನ ಅಂಗೈ ನೋಡಿ ಅವನ ದೇಶಭಕ್ತಿ ಅಳೆಯುವವರೂ ನಾವೇ. ಇದ್ಯಾವ ನ್ಯಾಯ ಸ್ವಾಮಿ?

ಇನ್ನೊಂದು ಗಮನಿಸಿದೆ. ಅಷ್ಟು ಹೊತ್ತು ವಾದ ನಡೆದರೂ ಆಟದ ಬಗ್ಗೆ ಒಬ್ಬರೂ ಮಾತಾಡಲಿಲ್ಲ! ಎಂಥ ಪಂದ್ಯ ಗೊತ್ತಾ ಅದು. ನಮ್ಮ ಹುಡುಗರು 0-2 ಹಿಂದಿದ್ದರು. ಅಲ್ಲಿಂದ ಹತ್ತು ನಿಮಿಷದೊಳಗೆ ಮೂರು ಗೋಲು ಹೊಡೆದು 3-2 ಮಾಡಿದರು. ಇನ್ನು ಐದು ನಿಮಿಷ ಇರುವಾಗ ಸುಫಿಯಾನ್ ಖಾನ್ ಗೋಲು ಹೊಡೆದು 3-3. ಎದೆ ಬಡಿತ ನಿಲ್ಲಿಸುವ ಆಟ. ಆಮೇಲೆ ನಮ್ಮವರು ಫೈನಲ್ಲಿಗೂ ಹೋಗಿ ಆಸ್ಟ್ರೇಲಿಯಾ ವಿರುದ್ಧ 1-2ರಲ್ಲಿ ಸೋತರು. ಆ ಸೋಲಿಗೆ ಬೇಜಾರು ಮಾಡಿಕೊಂಡವರನ್ನು ನಾನು ನೋಡಲಿಲ್ಲ. ಅಂಗೈಗೆ ಸಿಕ್ಕ ಸಿಟ್ಟಿನ ಹತ್ತರಲ್ಲೊಂದು ಪಾಲು ಪ್ರೀತಿ ಆ ಆಟಕ್ಕೆ ಸಿಕ್ಕಿದ್ದರೆ!

ಈಗ ನನ್ನದೇ ಒಂದು ಕಥೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗ ಪಿರಿಯಾಪಟ್ಟಣ ತಾಲ್ಲೂಕಿನ ಕಬಡ್ಡಿ ತಂಡದಲ್ಲಿದ್ದ. ಹೈಸ್ಕೂಲ್ ಮಕ್ಕಳು. ಎದುರಿಗೆ ಕೆ.ಆರ್.ನಗರ. ಅವರ ಕಡೆ ಒಬ್ಬ ಸಣಕಲು ಹುಡುಗ ರೈಡಿಗೆ ಬಂದಾಗಲೆಲ್ಲ ಪಾಯಿಂಟ್ ತಗೊಂಡೇ ಹೋಗುತ್ತಿದ್ದ. ನಮಗೆ ಉರಿ. ಗೆರೆಯ ಹತ್ತಿರ ನಿಂತು ನಾನು ಅವನ ಅಪ್ಪ-ಅಮ್ಮನನ್ನು ಸೇರಿಸಿ ಏನೇನೋ ಕೂಗಿದೆ. ಸುತ್ತ ಇದ್ದವರು ನಕ್ಕರು. ಅದರಿಂದ ಇನ್ನೂ ಜೋರಾಗಿ ಕೂಗಿದೆ. ಒಂದು ಸಲ ಆ ಹುಡುಗ ಉಸಿರು ಬಿಟ್ಟು ನನ್ನ ಕಡೆ ತಿರುಗಿ ನೋಡಿದ. ಔಟಾದ. ನಾವು ಗೆದ್ದೆವು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನೋಡಿದರೆ ನನ್ನ ಅಕ್ಕನ ಮಗ ಮತ್ತು ಅದೇ ಹುಡುಗ ಒಂದೇ ಕಲ್ಲುಬೆಂಚಿನ ಮೇಲೆ ಕೂತು ಒಂದೇ ಪೊಟ್ಟಣದ ಚುರುಮುರಿ ತಿನ್ನುತ್ತಿದ್ದಾರೆ. ನಾನು ಹತ್ತಿರ ಹೋದೆ. ಆ ಹುಡುಗನಿಗೆ ನನ್ನ ಗುರುತು ಸಿಕ್ಕಿತು. ಎದ್ದು ಪಕ್ಕಕ್ಕೆ ಸರಿದು, "ಕೂತ್ಕಳಿ ಅಣ್ಣ" ಅಂದ.

ಬಸ್ಸಿನಲ್ಲಿ ಅಕ್ಕನ ಮಗ ಕೇಳಿದ, "ಮಾಮ, ನೀನ್ಯಾಕೆ ಅವ್ನಿಗೆ ಹಂಗ್ ಬೈದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಇದು ನಮ್ಮೂರಿನ ರೋಗ ಮಾತ್ರ ಅಂದುಕೊಳ್ಳಬೇಡಿ. 1987ರ ಜನವರಿ 4ರಂದು ಆಗಿನ ಚೆಕೊಸ್ಲೊವಾಕಿಯಾದ ಪಿಯೆಸ್ತಾನಿಯಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟದ ಜೂನಿಯರ್ ಐಸ್ ಹಾಕಿ ತಂಡಗಳು ವಿಶ್ವ ಚಾಂಪಿಯನ್‌ಷಿಪ್ ಪಂದ್ಯದಲ್ಲೇ ಹೊಡೆದಾಡಿಕೊಂಡವು. ಕೆನಡಾ 4-2 ಮುಂದಿತ್ತು. ಬಿಡಿಸಲಾಗದೆ ಕೊನೆಗೆ ಕ್ರೀಡಾಂಗಣದ ದೀಪವನ್ನೇ ಆರಿಸಿದರು. ಎರಡೂ ತಂಡ ಟೂರ್ನಿಯಿಂದ ಹೊರಕ್ಕೆ, ಕೈಗೆ ಬರಬೇಕಿದ್ದ ಪದಕವೂ ಇಲ್ಲ. ಅದಾದ ಮೇಲೆ ಕೆನಡಾದಲ್ಲಿ ಅಭಿಮಾನಿಗಳು ಎರಡು ಪಾಲಾದರು. ಅವಮಾನ ಅಂದವರಿದ್ದರು, ನಮ್ಮ ಹುಡುಗರು ಹೀರೋಗಳು ಅಂದವರೂ ಇದ್ದರು. ಟೊರಾಂಟೊ ಮೇಪಲ್ ಲೀಫ್ಸ್ ಕ್ಲಬ್ಬಿನ ಮಾಲೀಕ ಹೆರಾಲ್ಡ್ ಬಲ್ಲಾರ್ಡ್ ಆ ಹುಡುಗರಿಗೆ ತಾನೇ ಚಿನ್ನದ ಪದಕ ಮಾಡಿಸಿಕೊಟ್ಟ! ಹೊಡೆದಾಡಿದ್ದಕ್ಕೆ ಪದಕ. ಅದನ್ನು ಕೊಟ್ಟಿದ್ದು ಒಬ್ಬ ದೊಡ್ಡ ಮನುಷ್ಯ, ಹುಡುಗನಲ್ಲ.

ನಮ್ಮ ಕಡೆಯದೂ ಇದೆ. 2020ರ ಫೆಬ್ರವರಿ 9ರಂದು ದಕ್ಷಿಣ ಆಫ್ರಿಕಾದ ಪೊಚೆಫ್‌ಸ್ಟ್ರೂಮ್‌ನಲ್ಲಿ 19ರೊಳಗಿನವರ ಕ್ರಿಕೆಟ್ ವಿಶ್ವಕಪ್ ಫೈನಲ್. ಬಾಂಗ್ಲಾದೇಶ ನಮ್ಮನ್ನು ಸೋಲಿಸಿತು. ಪಂದ್ಯ ಮುಗಿದ ಕ್ಷಣ ಮೈದಾನದಲ್ಲೇ ತಳ್ಳಾಟ. ಐಸಿಸಿ ಐವರು ಹುಡುಗರಿಗೆ ಶಿಕ್ಷೆ ಕೊಟ್ಟಿತು, ಮೂವರು ಅವರವರು, ಇಬ್ಬರು ನಮ್ಮವರು. ಅವತ್ತು ನಾವೆಲ್ಲ ಏನಂದೆವು? "ಸಣ್ಣ ಹುಡುಗರು, ಸಂಸ್ಕಾರ ಇಲ್ಲ" ಅಂದೆವು. ಹೊಡೆದಾಡಿದರೆ ಸಂಸ್ಕಾರ ಇಲ್ಲ, ಅಂಗೈ ತಟ್ಟಿದರೆ ದೇಶಭಕ್ತಿ ಇಲ್ಲ. ಪಾಪ, ಅವರು ಏನು ಮಾಡಬೇಕು ಹೇಳಿ?

ನನ್ನ ಅಭಿಪ್ರಾಯ ಆ ಮಾಜಿ ಸೈನಿಕರ ಮಾತಿಗೆ ಹತ್ತಿರದ್ದು, ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಆಡಬೇಕೋ ಬೇಡವೋ ಅನ್ನುವುದನ್ನು ದೊಡ್ಡವರು ತೀರ್ಮಾನಿಸಲಿ, ಅದರ ಹೆಸರು ಕೆಡಿಸಿಕೊಳ್ಳುವುದೂ ದೊಡ್ಡವರೇ ಆಗಲಿ. 2025ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ಪಾಕಿಸ್ತಾನದ ಜೊತೆ ದ್ವಿಪಕ್ಷೀಯ ಪಂದ್ಯ ಬೇಡ, ಹಲವು ದೇಶಗಳ ಟೂರ್ನಿಯಾದರೆ ಸರಿ ಅಂತ ಹೇಳಿತು. ಅದೇ ವರ್ಷದ ಕೊನೆಗೆ ಚೆನ್ನೈ, ಮಧುರೈನಲ್ಲಿ ನಡೆದ ಜೂನಿಯರ್ ವಿಶ್ವಕಪ್ ಹಾಕಿಗೆ ಪಾಕಿಸ್ತಾನ ಬರಲಿಲ್ಲ, ಒಮಾನ್ ಬಂತು. ಪಂದ್ಯ ತಪ್ಪಿತಲ್ಲ ಅಂತ ಬೇಜಾರಾಯಿತು, ನಿಜ. ಆದರೆ ಅಲ್ಲಿ ಯಾವ ಹುಡುಗನನ್ನೂ ನಡುಗೆರೆಯಲ್ಲಿ ನಿಲ್ಲಿಸಿ ಅವನ ಕೈ ಎತ್ತ ಹೋಗುತ್ತದೆ ಅಂತ ಯಾರೂ ಕಾದು ಕೂರಲಿಲ್ಲ. ಡಿಸೆಂಬರ್‌ನಲ್ಲಿ ದುಬೈನ 19ರೊಳಗಿನವರ ಏಷ್ಯಾ ಕಪ್ ಕ್ರಿಕೆಟ್‌ನಲ್ಲಿ ಹಾಗೆ ಕಾದು ಕೂತರು. ಕೈ ಕುಲುಕಲಿಲ್ಲ ಅಂತ ಒಂದಷ್ಟು ಜನ ಚಪ್ಪಾಳೆ, ಒಂದಷ್ಟು ಜನ ಬೈಗುಳ. ಆ ಹುಡುಗರನ್ನೂ ನಾನು ಬೈಯುವುದಿಲ್ಲ. ಅದು ಅವರ ಜಗಳವಲ್ಲ, ನಾವು ಹೊರಿಸಿದ್ದು.

ಕಳಿಸಿದ ಮೇಲೆ ಆಡಲು ಬಿಡಿ. ಆಟದ ಮೊದಲು, ಆಟದ ಕೊನೆಗೆ ಎದುರಾಳಿಗೆ ಕೊಡುವ ಮರ್ಯಾದೆ ಆಟದ್ದೇ ಒಂದು ಭಾಗ. ಅದರಿಂದ ಸತ್ತವರಿಗೆ ಅವಮಾನವಾಗುವುದಿಲ್ಲ. ಕೊಂದವರಿಗೆ ಕ್ಷಮೆಯೂ ಸಿಗುವುದಿಲ್ಲ.

ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. "ನೀನು ಓದ್ದೋನು, ಮಾತಲ್ಲಿ ಗೆದ್ಬುಡ್ತೀಯ" ಅಂದರು. ಒಪ್ಪಲಿಲ್ಲ ಅಂತ ಅರ್ಥ. ಟೀ ದುಡ್ಡು ಮಾತ್ರ ಅವರೇ ಕೊಟ್ಟರು. :-)

ನೀವೇನಂತೀರಿ?